ದೋಣಿಯ ಎಂಜಲು

ಹುಲ್ಯಾ ಮೊದಲ ಸಲ ಕೆಮ್ಮಿದಾಗ ಅದು ಕೆಮ್ಮು ಅಂತ ವೀರಭದ್ರಮ್ಮನಿಗೆ ತಿಳಿಯಲಿಲ್ಲ. ಬಾತುಕೋಳಿ ಕೂಗಿದಂಥ ಒಣ ಸದ್ದು. ಸದ್ದಿನ ಕೊನೆಗೆ ನಾಯಿ ಕುತ್ತಿಗೆ ಚಾಚಿ, ಹೊಟ್ಟೆ ಒಳಗೆಳೆದುಕೊಂಡು, ವಾಂತಿ ಮಾಡುವ ಹಾಗೆ ಬಾಯಿ ತೆರೆಯಿತು. ಬಿದ್ದದ್ದು ಮಾತ್ರ ಒಂದಿಷ್ಟು ಬಿಳಿ ನೊರೆ.

ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಅವಳು ತೀರ್ಮಾನಿಸಿದಳು. ಅವರದು ಲಿಂಗ ಕಟ್ಟಿಕೊಂಡವರ ಮನೆ. ಆ ಅಡಿಗೆಮನೆಗೆ ಎಲುಬು ಎಂದೂ ಬಂದದ್ದಿಲ್ಲ. ಹಾಗಾದರೆ ಎಲ್ಲಿಂದ ಬಂದಿರಬೇಕು ಎಂಬುದಕ್ಕೂ ಅವಳು ಬಹಳ ಯೋಚಿಸಲಿಲ್ಲ. ಹಿತ್ತಲ ಗೋಡೆಯ ಆಚೆಗೆ ಗಾಳೆಮ್ಮನ ಮನೆಯಿತ್ತು. ಗೋಡೆಗೆ ಕೈಯೂರಿ ನಿಂತು ಕರೆದಳು.

"ಗಾಳೆಮ್ಮಾ, ಎಲುಬು ಹೊರಗ ಒಗೀಬ್ಯಾಡ ಅಂತ ಎಷ್ಟು ಸಲ ಹೇಳ್ಲಿ ನಿನಗ. ನಮ್ಮ ಹುಲ್ಯಾನ ಗಂಟಲಾಗ ಸಿಕ್ಕೊಂಡೈತಿ ನೋಡು."

ಗಾಳೆಮ್ಮ ಆಡಿಗೆ ಸೊಪ್ಪು ಕಟ್ಟುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು: "ನಮ್ಮನ್ಯಾಗ ಎಲುಬು ಬೇಯ್ದು ತಿಂಗಳಾತ್ರಿ ಅವ್ವಾರ. ಇದ್ದಿದ್ರ ನಿಮ್ಮ ನಾಯಿಗ್ಯಾಕ ಒಗೀಲಿ, ನಾನ ಚೀಪತಿದ್ನೆಲ್ಲ."

ಆ ಮಾತಿಗೆ ವೀರಭದ್ರಮ್ಮ ನಗಲೂ ಇಲ್ಲ, ನಂಬಲೂ ಇಲ್ಲ. ಒಳಗೆ ಬಂದು ಬಿಸಿ ಅನ್ನಕ್ಕೆ ತುಪ್ಪ ಕಲಸಿ, ದೊಡ್ಡ ದೊಡ್ಡ ಉಂಡೆ ಮಾಡಿ ಹುಲ್ಯಾನ ಬಾಯಿಗಿಟ್ಟಳು. ಉಂಡೆಯ ಜೊತೆ ಎಲುಬು ಇಳಿದು ಹೋಗಲಿ ಎಂದು. ಹುಲ್ಯಾ ಗುಳುಗುಳು ನುಂಗಿ, ಬಾಲ ಅಲ್ಲಾಡಿಸಿ, ಇನ್ನೂ ಬೇಕೆಂದು ಮುಖ ನೋಡಿತು. ಆಮೇಲೆ ಮತ್ತೆ ಅದೇ ಬಾತುಕೋಳಿ ಸದ್ದು. ಬೆರಳು ಹಾಕಿ ಗಂಟಲು ತಡವಿ ನೋಡಿದರೆ ಏನೂ ಸಿಗಲಿಲ್ಲ.

ಸಂಜೆ ಮಸ್ಕಿಯ ಆಫೀಸಿನಿಂದ ಬಂದ ಸೊಸೆ ರಾಜಶ್ರೀ ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಕೇಳಿದಳು: "ಎಲುಬು ಸಿಕ್ಕಿದ್ರ ಇಷ್ಟು ಉಣ್ಣತೈತೇನ್ರಿ ಅತ್ತಿ? ಹಗ್ಗ ಹಿಡಿದು ಜಗ್ಗಿದಾಗೆಲ್ಲ ಜಾಸ್ತಿ ಕೆಮ್ಮತೈತಿ. ಇದು ಬ್ಯಾರೇನ ಐತಿ."

ಮರುದಿನ ಬಾಬುಸಾಬ್‌ನ ಆಟೋದಲ್ಲಿ ಅತ್ತೆ ಸೊಸೆ ಇಬ್ಬರೂ ಹುಲ್ಯಾನನ್ನು ನಡುವೆ ಕೂರಿಸಿಕೊಂಡು ಗೊರೇಬಾಳದಿಂದ ಸಿಂಧನೂರಿನ ಪಶು ಆಸ್ಪತ್ರೆಗೆ ಹೋದರು. ಅಲ್ಲಿದ್ದದ್ದು ಯಶೋಧರಾ ಎಂಬ ಡಾಕ್ಟರು. ಹುಲ್ಯಾನ ಕುತ್ತಿಗೆಯ ಮುಂದಿನ ನಾಳವನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದರು. ನಾಯಿ ಕೂಡಲೇ ಕೆಮ್ಮಿತು. ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು, ಜ್ವರ ನೋಡಿದರು.

"ಈಗೀಗ ಬ್ಯಾರೆ ನಾಯಿಗಳ ಕೂಡ ಬಿಟ್ಟಿದ್ರೇನು ಅಜ್ಜಿ?"

ಬಿಟ್ಟಿದ್ದರು. ಮುದಗಲ್ಲಿನಲ್ಲಿ ತಂಗಿಯ ಹೊಸ ಮನೆಯ ಗೃಹಪ್ರವೇಶ ಇತ್ತು. ಎಲ್ಲರೂ ಹೋಗುವಾಗ ಹುಲ್ಯಾನನ್ನು ಸಿಂಧನೂರಿನಲ್ಲಿ ಅಳಿಯನ ಅಕ್ಕಿ ಗಿರಣಿಯ ಅಂಗಳದಲ್ಲಿ ಬಿಟ್ಟಿದ್ದರು. ಅಲ್ಲಿ ಕಾವಲಿಗೆ ನಾಲ್ಕೈದು ನಾಯಿಗಳಿದ್ದವು. ಅವೂ ಕೆಮ್ಮುತ್ತಿದ್ದವು. ಗಿರಣಿಯ ಹಮಾಲರು ಉಮಿಯ ಧೂಳಿಗೆ ಅಂದಿದ್ದರು. ಅವರೂ ಕೆಮ್ಮುವವರೇ ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

"ಧೂಳಲ್ಲ, ಸೋಂಕು," ಅಂದರು ಡಾಕ್ಟರು. "ನಾಯಿಯಿಂದ ನಾಯಿಗೆ ಹತ್ತತೈತಿ. ಕೆಮ್ಮಿದ ಗಾಳಿಲೆ, ಮೂಗಿಗೆ ಮೂಗು ಹಚ್ಚಿದ್ರ, ಒಂದ ಬಟ್ಟಲದಾಗ ನೀರು ಕುಡದ್ರ. ದೊಡ್ಡ ನಾಯಿಗೆ ಬಹಳ ಮಾಡಿ ತಾನ ಕಡಿಮಿ ಆಗತೈತಿ. ಮರಿಗಳಿಗೆ ಬಂದ್ರ ಮಾತ್ರ ಎದಿಗೆ ಇಳೀತೈತಿ, ಉಳಿಯೂದು ಕಷ್ಟ. ಇದನ್ನ ಬ್ಯಾರೆ ಕಟ್ಟರಿ. ಕೊರಳಿಗೆ ಹಗ್ಗ ಬ್ಯಾಡ, ಎದಿಗೆ ಪಟ್ಟಿ ಹಾಕ್ರಿ. ಒಲಿ ಹೊಗಿ, ಧೂಳಿನಿಂದ ದೂರ ಇಡ್ರಿ. ನೀವು ಕುಡಿಯೋ ಕೆಮ್ಮಿನ ಔಷಧ ಹಾಕಬ್ಯಾಡ್ರಿ. ಮತ್ತ ನೆನಪಿಡ್ರಿ, ಕೆಮ್ಮು ನಿಂತ ಮ್ಯಾಲೂ ಎರಡು ವಾರ ಬ್ಯಾರೆ ನಾಯಿ ಕೂಡಿಸಬ್ಯಾಡ್ರಿ. ನೋಡಾಕ ಆರಾಮ ಕಂಡ್ರೂ ಹಚ್ಚತೈತಿ."

ವೀರಭದ್ರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿಸಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ದಾರಿಯೇ ಇರಲಿಲ್ಲ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳ ಮನಸ್ಸು ಇನ್ನೊಂದು ಕಡೆಗೂ ಹೋಗಿತ್ತು, ಅಷ್ಟೆ. ಮನೆದೇವರು ಮೈಲಾರಲಿಂಗ. ನಾಯಿ ಆ ದೇವರ ಜೊತೆಗಾರ. 'ಇದರ ಕೆಮ್ಮು ನಿಲ್ಲಲಿ ತಂದೆ, ನಿನ್ನ ದೋಣಿ ತುಂಬಿಸತೀನಿ' ಎಂದು ಬೇಡಿಕೊಂಡಳು.

ಗೋಡೆಯಾಚೆಯ ಗಾಳೆಮ್ಮನಿಗೆ ಎಲುಬಿನ ಮಾತು ಹೇಳಿದ್ದು ತಪ್ಪಾಯಿತು ಎನ್ನಬೇಕೆಂದು ಆಟೋದಲ್ಲಿ ಅನ್ನಿಸಿತ್ತು. ಮನೆಗೆ ಬಂದ ಮೇಲೆ ಮರೆತಳು. ಇಲ್ಲ, ಮರೆಯಲಿಲ್ಲ; ಇವತ್ತು ಬೇಡ ಎಂದುಕೊಂಡಳು.

ಬಚ್ಚಲಮನೆಯಲ್ಲಿ ಹಂಡೆಯ ನೀರು ಕುದಿಸಿ, ಬಾಗಿಲು ಮುಂದೆ ಮಾಡಿ, ಆವಿಯಲ್ಲಿ ಹುಲ್ಯಾನನ್ನು ಮಡಿಲ ಹತ್ತಿರ ಕೂರಿಸಿಕೊಳ್ಳುತ್ತಿದ್ದಳು. ಹಳೆಯ ಸೀರೆ ಹರಿದು ಎದೆಗೆ ಪಟ್ಟಿ ಮಾಡಿದಳು. ಒಣ ಕೆಮ್ಮು ಮೆತ್ತಗಾಯಿತು, ಕಡಿಮೆಯಾಯಿತು, ಒಂದು ದಿನ ಇಲ್ಲವೇ ಇಲ್ಲ. ಅದರ ಮುಂದಿನ ಭಾನುವಾರ ಅವಳು ದೇವರ ಗೂಡಿನಿಂದ ದೋಣಿ ಕೆಳಗಿಳಿಸಿದಳು.

ದೋಣಿ ಎಂದರೆ ಒಂದು ಮೊಳ ಉದ್ದದ ಕಟ್ಟಿಗೆಯ ಪಾತ್ರೆ, ಎರಡು ತುದಿಯೂ ಚೂಪು. ಗಂಡ ಇದ್ದಾಗ ಮೈಲಾರಲಿಂಗನ ಭಕ್ತರಾದ ಗೊರವಯ್ಯಗಳು ಕರಿ ಕಂಬಳಿ ಹೊದ್ದು ಬಂದು, ನಾಯಿಯ ಹಾಗೆ ಬೊಗಳಿ, ನೆಲಕ್ಕೆ ಬಗ್ಗಿ ಆ ದೋಣಿಯಲ್ಲಿಯ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ಬಾಯಿಂದಲೇ ಉಣ್ಣುತ್ತಿದ್ದರು. ಈಗ ಅವರು ಬರುವುದು ಕಡಿಮೆಯಾಗಿ, ಓಣಿಯ ನಾಯಿಗಳಿಗೇ ಉಣಿಸುವುದು ಈ ಮನೆಯ ಪದ್ಧತಿಯಾಗಿತ್ತು. ಯಾವ ನಾಯಿಯ ಹೆಸರಿನಲ್ಲಿ ಹರಕೆಯೋ ಅದು ಮೊದಲು ಬಾಯಿ ಹಾಕಬೇಕು. ಅದರ ಎಂಜಲನ್ನು ಉಳಿದವು ಉಣ್ಣಬೇಕು. ಒಂದೇ ದೋಣಿ. ಹಂಚಿ ಹಾಕಿದರೆ ಹರಕೆ ಮುಟ್ಟುವುದಿಲ್ಲ.

"ಎರಡು ವಾರ ಅಂದಾರಲ್ರೀ ಅತ್ತಿ," ಅಂದಳು ರಾಜಶ್ರೀ, ಬಾಳೆಹಣ್ಣು ಸುಲಿಯುತ್ತಲೇ.

"ಕೆಮ್ಮು ನಿಂತೈತೆಲ್ಲ."

"ನಿಂತ ಮ್ಯಾಲ ಎರಡು ವಾರ ಅಂದಾರ."

"ದೇವರ ಮುಂದ ನಿಂತು ಹಂಗ ಲೆಕ್ಕ ಹಾಕಬಾರದು ರಾಜಿ. ಅವನ ನಿಲ್ಲಿಸಿದ್ದು, ಅವನ ಹಚ್ಚತಾನೇನು?"

ಆ ಮನೆಯಲ್ಲಿ ದೇವರ ಮಾತು ಬಂದರೆ ಅತ್ತೆಯದೇ ಕೊನೆ ಮಾತು.

ಹುಲ್ಯಾ ಮೊದಲು ನೆಕ್ಕಿತು. ಆಮೇಲೆ ಓಣಿಯ ನಾಯಿಗಳು ಒಂದರ ಕಿವಿಗೆ ಒಂದು ಕಿವಿ ತಾಗಿಸಿ ದೋಣಿಗೆ ಮೂತಿ ತೂರಿದವು. ಪಂಪಾಪತಿಯ ದುಬಾರಿ ಜರ್ಮನ್ ನಾಯಿ ಟೈಗರ್ ಕೂಡ ಬಂದಿತ್ತು. ಪಂಪಾಪತಿ ಓಣಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ದೇವರ ಕೆಲಸವೆಂದು ತಾನೇ ಹಿಡಿದು ತಂದಿದ್ದ. ಗಾಳೆಮ್ಮನ ನಾಯಿ ಕೆಂಪಿ ಮಾತ್ರ ಕಾಣಲಿಲ್ಲ. ವೀರಭದ್ರಮ್ಮ ಗೋಡೆಯ ಹತ್ತಿರ ಹೋಗಿ ಕರೆದಳು.

"ಕೆಂಪೀನ ಬಿಡವಾ."

"ಬಾಣಂತಿ ಐತ್ರಿ ಅವ್ವಾರ. ಮರಿ ಇನ್ನ ಕಣ್ಣು ಬಿಟ್ಟಾವ ಈಗ. ಅಷ್ಟು ನಾಯ್ಯಾಗ ಯಾಕ್ರಿ."

"ದೇವರ ಎಂಜಲ ಬ್ಯಾಡ ಅಂತೀಯೇನು? ಹಾಲು ಏರತಾವ, ಮರಿಗೆ ಚಲೋ. ಬಿಡು."

ಗಾಳೆಮ್ಮ ಬಿಟ್ಟಳು. ವೀರಭದ್ರಮ್ಮ ಉಳಿದ ನಾಯಿಗಳನ್ನು ಸರಿಸಿ ಜಾಗ ಮಾಡಿಕೊಟ್ಟು, ದೋಣಿಯ ತಳದಲ್ಲಿ ಉಳಿದದ್ದನ್ನು ಕೆಂಪಿಗೇ ನೆಕ್ಕಿಸಿದಳು. ಅಂದು ಅವಳಿಗೆ ತನ್ನ ಬಗ್ಗೆ ತುಂಬ ಚಲೋ ಅನ್ನಿಸಿತ್ತು.

ಮುಂದಿನ ವಾರ ಓಣಿಯ ತುಂಬ ಬಾತುಕೋಳಿಗಳು ಕೂಗತೊಡಗಿದವು.

ಮೊದಲು ಟೈಗರ್. ಆಮೇಲೆ ಹೋಟೆಲಿನ ಮುಂದಿನ ಎರಡು ನಾಯಿ. ಆಮೇಲೆ ಕೆಂಪಿ. ಹುಲ್ಯಾ ಮಾತ್ರ ಬಿಸಿಲಿಗೆ ಅಡ್ಡಾಗಿ, ಇದಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ನೊಣ ಹಿಡಿಯುತ್ತಿತ್ತು. ವೀರಭದ್ರಮ್ಮ ಪ್ರತಿ ಕೆಮ್ಮನ್ನೂ ಕೇಳಿಸಿಕೊಂಡಳು. ಸಾರು ಕುದಿಯುವಾಗ, ವಿಭೂತಿ ಹಚ್ಚಿಕೊಳ್ಳುವಾಗ, ಬಟ್ಟೆ ಹಿಂಡುವಾಗ. ಒಮ್ಮೆ ರಾಜಶ್ರೀ, ಹೊರಗೆ ಕೆಮ್ಮು ಕೇಳಿದಾಗ, ಕೈಯಲ್ಲಿದ್ದ ತಟ್ಟೆ ಇಟ್ಟು ಅತ್ತೆಯ ಮುಖ ನೋಡಿದಳು. ವೀರಭದ್ರಮ್ಮ ಎದ್ದು ಹೋಗಿ ಫ್ಯಾನ್ ಹಾಕಿದಳು. ಚಳಿಗಾಲವಾಗಿತ್ತು.

ಓಣಿಯ ಬೇವಿನಗಿಡದ ಕಟ್ಟೆಯ ಮೇಲೆ ಮಾತು ಶುರುವಾಯಿತು. ಪಂಪಾಪತಿ ಅಂಗೈಯಲ್ಲಿ ಮೊಬೈಲು ತಿರುಗಿಸುತ್ತ ಹೇಳಿದ.

"ಇದು ಎಲ್ಲಿಂದ ಬಂತು ಅಂತ ಕೇಳ್ರಿ ನಂಗ. ಗಾಳೆಮ್ಮನ ನಾಯಿಲೆ ಬಂತು. ಅದು ಊರಾಚಿ ಕ್ಯಾಂಪಿನ ಕೋಳಿ ಅಂಗಡಿ ಹಿಂದ, ಕಸದಾಗ, ಎಲ್ಲಾ ಕಡೆ ತಿರಗತೈತಿ. ನನ್ನ ಟೈಗರ್ ಗೇಟ್ ದಾಟಂಗಿಲ್ಲ."

"ದೋಣಿಗೆ ದಾಟಿತ್ತಲ್ಲೋ," ಅಂದ ಬಾಬುಸಾಬ್, ಆಟೋದ ಗಾಜು ಒರೆಸುತ್ತ.

"ಅದು ದೇವರ ಕೆಲಸ ಮಾರಾಯ. ದೇವರ ದೋಣ್ಯಾಗ ರೋಗ ಇರತೈತೇನು? ನಾಳೆ ಮುಂಜಾನೆ ನನ್ನ ಗಾಡಿ ಮಸ್ಕಿಗೆ ಹೊಂಟೈತಿ. ಆ ನಾಯಿ, ಮರಿ ಎಲ್ಲಾ ಚೀಲಕ್ಕ ಹಾಕ್ಕೊಂಡು ಹೋಗಿ ಗುಡ್ಡದ ಕಡಿಗೆ ಬಿಟ್ಟು ಬರ್ತೀನಿ. ಓಣಿ ಸ್ವಚ್ಛ ಆಗತೈತಿ."

ಗಾಳೆಮ್ಮ ದೂರದಲ್ಲಿ ನಿಂತಿದ್ದಳು. "ಅದರ ಮರಿ ಹಾಲು ಕುಡ್ಯಾಕತ್ತಾವೋ ಪಂಪಣ್ಣ," ಅಂದಳು.

"ಅದಕ್ಕ ಕೂಡೇ ಒಯ್ಯತೀನಿ ಅಂದೆ. ತಾಯಿ ಮಕ್ಕಳನ್ನ ಅಗಲಸಂಗಿಲ್ಲ ನಾ." ಕೆಲವರು ನಕ್ಕರು. ಪಂಪಾಪತಿ ಕಟ್ಟೆಯ ತುದಿಯಲ್ಲಿ ಕೂತಿದ್ದ ವೀರಭದ್ರಮ್ಮನ ಕಡೆ ತಿರುಗಿದ. "ದೊಡ್ಡವ್ವ, ಹಿರೇರು ನೀವ ಹೇಳ್ರಿ. ನಾ ಅಂದದ್ದು ಖರೇ ಹೌದಿಲ್ಲೋ?"

ಎಲ್ಲರೂ ಅವಳನ್ನು ನೋಡಿದರು. ಗಾಳೆಮ್ಮನೂ ನೋಡಿದಳು, ಈಕೆ ನನ್ನ ಕಡೆ ಒಂದು ಮಾತು ಹೇಳುತ್ತಾಳೆ ಎಂಬ ನಂಬಿಕೆಯಿಂದ.

"ನಾ ಏನ್ ಹೇಳ್ಲೆಪ್ಪ," ಅಂದಳು ವೀರಭದ್ರಮ್ಮ. "ನಾಯಿ ಅಂದ್ರ ತಿರಗತಾವ."

"ಅಷ್ಟ," ಅಂದ ಪಂಪಾಪತಿ. ಮಾತು ಮುಗಿಯಿತು.

ಮನೆಗೆ ಬಂದು ಅವಳು ದೇವರ ಗೂಡಿನ ಮುಂದೆ ಕೂತಳು. ದೀಪ ಹಚ್ಚುವ ಹೊತ್ತಾಗಿತ್ತು. ಕಡ್ಡಿ ಗೀರಲಿಲ್ಲ. ಗೂಡಿನಲ್ಲಿ ದೋಣಿ ಇತ್ತು, ತಾನೇ ಸೀಗೆಪುಡಿ ಹಚ್ಚಿ ತೊಳೆದು ಇಟ್ಟದ್ದು. ನಾಯಿ ಅಂದ್ರ ತಿರಗತಾವ. ಸುಳ್ಳು ಹೇಳಿರಲಿಲ್ಲ. ಸುಳ್ಳೇ ಹೇಳಿದ್ದರೆ ಇಷ್ಟು ಹೊಲಸು ಅನ್ನಿಸುತ್ತಿರಲಿಲ್ಲವೇನೋ. ಮೊದಲು ಎಲುಬು ಗಾಳೆಮ್ಮನದು. ಈಗ ಕೆಮ್ಮೂ ಗಾಳೆಮ್ಮನದು. ತನ್ನ ಮನೆಯ ಕೆಟ್ಟದ್ದೆಲ್ಲ ಗೋಡೆಯಾಚೆ ಸಲೀಸಾಗಿ ಬೀಳುತ್ತಿತ್ತು, ಎತ್ತಿ ಒಗೆಯುವ ಕಷ್ಟವೂ ಇಲ್ಲದೆ.

"ಅವ್ವಾರ."

ಹಿತ್ತಲ ಬಾಗಿಲಲ್ಲಿ ಗಾಳೆಮ್ಮ ನಿಂತಿದ್ದಳು. ಸೆರಗಿನಲ್ಲಿ ಒಂದು ಮರಿ, ಇನ್ನೊಂದು ಕೈಯಲ್ಲಿ ಒಂದು ಸ್ಟೀಲ್ ಬಟ್ಟಲು. ಬಾಗಿಲು ದಾಟಿರಲಿಲ್ಲ.

"ತ್ರಾಸ ಕೊಡಾಕ ಬಂದೆ ಅನ್ಕೋಬ್ಯಾಡ್ರಿ. ಎಲ್ಲಾ ನಾಯಿ ಕೆಮ್ಮಾಕತ್ತಾವ, ನಿಮ್ಮ ಹುಲ್ಯಾ ಒಂದ ಕೆಮ್ಮವಲ್ದು ನೋಡ್ರಿ. ಅದಕ್ಕ ದೇವರು ಕಾದಾನ. ನಂಗ ಒಂದ್ ಬಟ್ಟಲ ದೋಣಿ ತೊಳದ ನೀರು ಕೊಡ್ರಿ. ಮರಿಗಳ ಬಾಯಾಗ ಹಾಕತೀನಿ. ಇದು ಮುಂಜಾನಿಂದ ಮೊಲಿ ಹಿಡಿವಲ್ದು."

ಮರಿಯ ಮೂಗಿನ ತುದಿಯಲ್ಲಿ ಹಳದಿ ಸಿಂಬಳ ಒಣಗಿತ್ತು. ಪಕ್ಕೆಗಳು ಬೇಗ ಬೇಗ ಏರಿ ಇಳಿಯುತ್ತಿದ್ದವು. ಅದು ಕೆಮ್ಮಲೂ ಇಲ್ಲ. ಅಷ್ಟು ಶಕ್ತಿ ಅದಕ್ಕಿರಲಿಲ್ಲ.

ವೀರಭದ್ರಮ್ಮನ ಕೈ ಬಟ್ಟಲಿಗೆ ಹೋಗಲಿಲ್ಲ.

"ಗಾಳೆಮ್ಮಾ, ಆ ನೀರು ಹಾಕಬ್ಯಾಡ. ಕೆಮ್ಮು ಬಂದದ್ದು ಆ ದೋಣಿಯಿಂದನ."

ಗಾಳೆಮ್ಮನಿಗೆ ತಿಳಿಯಲಿಲ್ಲ.

"ಹುಲ್ಯಾಗ ಮೊದಲ ಬಂದಿತ್ತು. ಎಲುಬಲ್ಲ ಅದು, ಗಿರಣ್ಯಾಗ ಹತ್ತಿದ ಸೋಂಕು. ಕೆಮ್ಮು ನಿಂತ ಮ್ಯಾಲೂ ಕೂಡಿಸಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ರು. ನಾ ಕೇಳ್ಲಿಲ್ಲ. ಅದರ ಎಂಜಲ ಎಲ್ಲಾಕ್ಕೂ ಉಣಿಸಿದೆ. ನೀ ಬ್ಯಾಡ ಅಂದ್ರೂ ಕೆಂಪೀನ ಕರೆದೆ."

ಅಡಿಗೆಮನೆಯಲ್ಲಿ ರಾಜಶ್ರೀಯ ಪಾತ್ರೆಯ ಸದ್ದು ನಿಂತಿತ್ತು. ಗಾಳೆಮ್ಮ ಬಟ್ಟಲನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿದಳು, ಕೇಳಬಾರದ್ದನ್ನು ಕೇಳಿದವಳು ತಾನೇ ಎಂಬಂತೆ. ವೀರಭದ್ರಮ್ಮನಿಗೆ ಅದನ್ನು ನೋಡುವುದಾಗಲಿಲ್ಲ.

"ಕಟ್ಟಿ ಮ್ಯಾಲ ಕುಂತಾಗ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು."

"ಗೊತ್ತಿದ್ದೂ ನಾಯಿ ಅಂದ್ರ ತಿರಗತಾವ ಅಂದ್ರಿ."

"ಅಂದೆ. ತಪ್ಪಾತವಾ."

"ನನ್ನ ಮುಂದ ತಪ್ಪಾತು ಅಂದ್ರ ಏನ್ ಬಂತ್ರಿ ಅವ್ವಾರ," ಅಂದಳು ಗಾಳೆಮ್ಮ. ದನಿ ಏರಲಿಲ್ಲ. "ಪಂಪಣ್ಣನ ಗಾಡಿ ಬೆಳಕು ಹರದ ಕೂಡ್ಲೆ ಹೊಂಡತೈತಿ. ಅಲ್ಲೆ ಬಂದು ಅನ್ರಿ."

ಬೆಳಿಗ್ಗೆ ವೀರಭದ್ರಮ್ಮ ಸ್ನಾನ ಮಾಡಿ, ವಿಭೂತಿ ಹಚ್ಚಿ, ಹೊರಗೆ ಬರುವಷ್ಟರಲ್ಲಿ ಗೊಬ್ಬರದ ಅಂಗಡಿಯ ಮುಂದೆ ಪಂಪಾಪತಿಯ ಸಣ್ಣ ಗಾಡಿ ನಿಂತಿತ್ತು. ಕೆಂಪಿಯನ್ನು ಹಿಂದೆ ಕಟ್ಟಿದ್ದರು. ಕೊರಳಿನ ಹಗ್ಗ ಎಳೆದಾಗೆಲ್ಲ ಅದು ಕೆಮ್ಮಿ ಓಕರಿಸುತ್ತಿತ್ತು. ಮರಿಗಳು ಗೊಬ್ಬರದ ಖಾಲಿ ಚೀಲದಲ್ಲಿ. ಗಾಳೆಮ್ಮ ಗಾಡಿಯ ಹಿಂದಿನ ಹಲಗೆ ಹಿಡಿದು ನಿಂತಿದ್ದಳು. ಬೇಡಿಕೊಳ್ಳುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಚಹಾಕ್ಕೆ ಬಂದ ಗಂಡಸರೆಲ್ಲ ಅಲ್ಲೇ ಇದ್ದರು.

ವೀರಭದ್ರಮ್ಮ ಮನೆಯಲ್ಲಿ ಮಾತು ಹೊಂದಿಸಿಕೊಂಡು ಬಂದಿದ್ದಳು. ದೇವರ ಹರಕೆ ಇತ್ತು, ಮರೆವು, ವಯಸ್ಸು, ಹೀಗೆಲ್ಲ. ಆದರೆ ಕೆಂಪಿ ಅವಳನ್ನು ಕಂಡು, ಹಾಲಿನ ನೆನಪಿಗೋ ಏನೋ, ಬಾಲ ಅಲ್ಲಾಡಿಸಿತು. ಹೊಂದಿಸಿದ ಮಾತು ಯಾವುದೂ ಉಳಿಯಲಿಲ್ಲ.

"ಪಂಪಾಪತಿ, ಹಗ್ಗ ಬಿಚ್ಚು. ಈ ರೋಗ ಗಾಳೆಮ್ಮನ ನಾಯಿ ತಂದಿಲ್ಲ, ನಾ ಹಂಚಿದ್ದು." ಉಳಿದದ್ದನ್ನೂ ಹೇಳಿದಳು. ಗಿರಣಿ, ಡಾಕ್ಟರು, ದೋಣಿ. ಯಾವುದನ್ನೂ ಬಿಡಲಿಲ್ಲ; ಸೊಸೆ ಬೇಡ ಅಂದಿದ್ದನ್ನೂ ಬಿಡಲಿಲ್ಲ.

ಪಂಪಾಪತಿ ಚಹಾದ ಬಸಿ ಕೆಳಗಿಟ್ಟು ಅಂದ: "ನಿನ್ನೆ ಸಂಜಿಕ ನಿಮ್ಮನ್ನ ಕೇಳಿದ್ನೆಲ್ಲ ದೊಡ್ಡವ್ವ. ಇಷ್ಟು ಮಂದಿ ಮುಂದ ನನ್ನ ಕೈಲೆ ಸುಳ್ಳ ಆಡಿಸಿದ್ರಿ."

"ಹೌದಪ್ಪ."

"ನನ್ನ ಟೈಗರ್‌ಗ ಕೆಮ್ಮು ಪ್ರಸಾದ ಅಂತ ಕೊಟ್ರಿ ಹಂಗಾರ." ಹಿಂದಿನಿಂದ ಯಾರೋ ಬಾಯಿಗೆ ಕೈ ಇಟ್ಟು ನಕ್ಕರು. ಅವಳು ಈ ಓಣಿಗೆ ಸೊಸೆಯಾಗಿ ಬಂದ ಮೇಲೆ ಅವಳನ್ನು ನೋಡಿ ಹಾಗೆ ನಕ್ಕವರಿರಲಿಲ್ಲ. ನಗಲಿ ಎಂದು ನಿಂತಳು.

"ನಕ್ಕದ್ದು ಆತಲ್ಲ," ಅಂದ ಬಾಬುಸಾಬ್. "ಇನ್ನ ಮರಿ ನೋಡ್ರೋ. ಒಂದು ಬಾಯಿ ತೆಗೆದು ಉಸಿರು ಬಿಡಾಕತ್ತೈತಿ."

ಮಸ್ಕಿಯ ದಾರಿ ಹೇಗೂ ಸಿಂಧನೂರಿನ ಮೇಲೆಯೇ, ಆಸ್ಪತ್ರೆಯೂ ಅಲ್ಲೇ. ಪಂಪಾಪತಿ ಗೊಣಗುತ್ತಲೇ ಕೆಂಪಿಯ ಕೊರಳಿನ ಹಗ್ಗ ಬಿಚ್ಚಿ, ಕೀಲಿ ತಿರುಗಿಸಿದ. ಗಾಳೆಮ್ಮ ಹಿಂದೆ ಕೆಂಪಿಯ ಹತ್ತಿರ ಕೂತಳು. ವೀರಭದ್ರಮ್ಮನನ್ನು ಮುಂದೆ ಕೂರಲು ಹೇಳಿದರು. ಅವಳು ಹಿಂದೆ ಹತ್ತಿ, ಚೀಲದಿಂದ ಮರಿಗಳನ್ನು ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು. ಕಾಲುವೆಯ ಮೇಲಿನ ಗಾಳಿ ತಣ್ಣಗಿತ್ತು.

ಯಶೋಧರಾ ಡಾಕ್ಟರು ಅವಳನ್ನು ಗುರುತು ಹಿಡಿದರು. "ಅಜ್ಜಿ, ನಿಮ್ಮ ನಾಯಿ ಬ್ಯಾರೆ ಕಟ್ಟಿದ್ರಲ್ಲ?"

"ಇಲ್ಲವಾ. ಕಟ್ಟಲಿಲ್ಲ."

ಡಾಕ್ಟರು ಬೈಯಲಿಲ್ಲ. ಕೆಲಸ ಇತ್ತು ಅವರಿಗೆ. ಮರಿಗಳ ಎದೆ ಕೇಳಿದರು, ಸೂಜಿ ಹಾಕಿದರು, ಬೆಚ್ಚಗಿಡಿ ಅಂದರು, ಮೂಗು ಒರೆಸಿ ಒರೆಸಿ ಹಾಲು ಕುಡಿಸಲು ಹೇಳಿದರು. ಮೂರಕ್ಕೆ ಭಯವಿಲ್ಲ ಅಂದರು. ಬಾಯಿಂದ ಉಸಿರಾಡುತ್ತಿದ್ದದ್ದನ್ನು ಬಹಳ ಹೊತ್ತು ಮೇಜಿನ ಮೇಲೆಯೇ ಇಟ್ಟುಕೊಂಡರು. ಅದು ಮಧ್ಯಾಹ್ನಕ್ಕೆ ಮೊದಲು ಹೋಯಿತು. ಗಾಳೆಮ್ಮ ಅದನ್ನು ಒಂದು ಬಟ್ಟೆಯಲ್ಲಿ ಸುತ್ತಿದಳು. ವೀರಭದ್ರಮ್ಮ ಕೈ ಚಾಚಿದಳು. ಗಾಳೆಮ್ಮ ಕೊಡಲಿಲ್ಲ.

ಆಮೇಲಿನ ದಿನಗಳಲ್ಲಿ ವೀರಭದ್ರಮ್ಮ ಓಣಿಯ ಮನೆ ಮನೆಗೂ ಹೋದಳು. ಹಳೆಯ ಸೀರೆಗಳನ್ನು ಹರಿದು ಎದೆಪಟ್ಟಿ ಹೊಲಿದು ಕೊಟ್ಟಳು. ಕೊರಳಿಗೆ ಹಗ್ಗ ಬೇಡ, ಬಟ್ಟಲು ಬೇರೆ ಇಡಿ, ಉಣ್ಣುವುದು ಬಿಟ್ಟರೆ, ಸಿಂಬಳ ಹಳದಿಯಾದರೆ ತಡ ಮಾಡಬೇಡಿ ಎಂದು ಡಾಕ್ಟರು ತನಗೆ ಹೇಳಿದ್ದನ್ನೇ ಹೇಳಿದಳು. ಕೆಲವರು ಪಟ್ಟಿ ಇಸಿದುಕೊಂಡು, "ಪ್ರಸಾದ ಏನಿಲ್ಲೇನ್ರಿ ಇವತ್ತ?" ಅಂದರು. ಇಲ್ಲಪ್ಪ ಅಂದಳು. ಬಾಗಿಲು ಪೂರ್ತಿ ತೆರೆಯದವರೂ ಇದ್ದರು. ಹುಲ್ಯಾನನ್ನು ಬಚ್ಚಲಮನೆಯ ಪಕ್ಕ ಕಟ್ಟಿಹಾಕಿದಳು; ಅದು ತನಗೇಕೆ ಈ ಶಿಕ್ಷೆ ಎಂದು ಅಳುತ್ತಿತ್ತು.

ಓಣಿಯ ಕೆಮ್ಮು ನಿಂತು, ಹೇಳಿದಷ್ಟು ದಿನವೂ ದಾಟಿದ ಮೇಲೆ ಒಂದು ಭಾನುವಾರ ರಾಜಶ್ರೀ ಕೇಳಿದಳು: "ದೋಣಿ ಇಳಿಸಲೇನ್ರಿ ಅತ್ತಿ?"

"ಇಳಿಸು. ಮುತ್ತಲ ಎಲಿನೂ ತಗೊಂಡು ಬಾ."

ವೀರಭದ್ರಮ್ಮ ದೋಣಿ ತುಂಬಿಸಿ ದೇವರ ಮುಂದಿಟ್ಟಳು. ಆಮೇಲೆ ಸೌಟಿನಿಂದ ಒಂದೊಂದು ಎಲೆಗೆ ಬೇರೆ ಬೇರೆ ಬಡಿಸಿದಳು. ಹಾಗೆ ಹಂಚಿದರೆ ಹರಕೆ ಮುಟ್ಟುವುದಿಲ್ಲ ಎಂದು ತನ್ನ ಅತ್ತೆ ಹಿಂದೆ ಹೇಳಿಕೊಟ್ಟದ್ದು ಅವಳಿಗೆ ನೆನಪಿತ್ತು. ಮುಟ್ಟದಿದ್ದರೆ ಆ ತಪ್ಪೂ ತನ್ನ ಮೇಲೆ ಇರಲಿ ಎಂದು ಎಲೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಟಳು.

ಕೊನೆಯ ಎಲೆ ಗಾಳೆಮ್ಮನ ಮನೆಯದು. ಗೋಡೆಯ ಮೇಲಿಂದ ಕೊಡದೆ, ಓಣಿ ಸುತ್ತಿಕೊಂಡು ಅವಳ ಮುಂಬಾಗಿಲಿಗೆ ಹೋದಳು. ಕೆಂಪಿ ಹೊಸ್ತಿಲಲ್ಲಿ ಮಲಗಿತ್ತು, ಮೂರು ಮರಿ ಅದರ ಹೊಟ್ಟೆಗೆ ಅಂಟಿಕೊಂಡಿದ್ದವು. ವಾಸನೆಗೆ ಕೆಂಪಿ ಎದ್ದು ನಿಂತಿತು.

ಗಾಳೆಮ್ಮ ಅದರ ಎದೆಪಟ್ಟಿಗೆ ಕೈ ಹಾಕಿ ಹಿಡಿದಳು.

"ಅಲ್ಲೇ ಇಡ್ರಿ ಅವ್ವಾರ."

ವೀರಭದ್ರಮ್ಮ ಅಂಗಳದ ಕಲ್ಲಿನ ಮೇಲೆ ಎಲೆ ಇಟ್ಟಳು. ಒಂದು ಮಾತಿಗೆ ಕಾದಳು. ಗಾಳೆಮ್ಮ ನಾಯಿಯನ್ನು ಹಿಡಿದುಕೊಂಡೇ ನಿಂತಿದ್ದಳು.

ಖಾಲಿ ಬುಟ್ಟಿ ಎತ್ತಿಕೊಂಡು ಅವಳು ತಿರುಗಿದಳು. ಓಣಿಯ ತಿರುವು ದಾಟಿದ ಮೇಲೆ ಹಿಂದೆ ಗಾಳೆಮ್ಮನ ದನಿ ಕೇಳಿಸಿತು. "ಹೋಗ ಇನ್ನ, ತಿನ್ನು," ಎಂದು ನಾಯಿಗೆ ಹೇಳುತ್ತಿದ್ದಳು.